ಮುಂದಿನ ಅಧ್ಯಾಯಕ್ಕೆ ಎಷ್ಟು?

ಫೆಬ್ರವರಿ 3

ಪುಸ್ತಕ ಬರೆದುಕೊಡುವ ಮೇಡಂ ಅವರಿಗೆ ನಮಸ್ಕಾರ.

ನಮ್ಮ ಲಾಂಡ್ರಿಗೆ ಕೋಟು ಹಾಕುವ ಡಾಕ್ಟರೊಬ್ಬರು ನಿಮ್ಮ ವಿಳಾಸ ಕೊಟ್ಟರು. ಅವರ ಜೀವನಚರಿತ್ರೆ ನೀವೇ ಬರೆದದ್ದಂತೆ. ಯಾರಿಗೂ ಹೇಳಬೇಡಿ ಅಂತ ನನಗೆ ಹೇಳಿದರು, ಅಂದಮೇಲೆ ಊರಿಗೆಲ್ಲ ಹೇಳಿರ್ತಾರೆ. ಪುಸ್ತಕ ನನಗೂ ಒಂದು ಕೊಟ್ಟಿದ್ದರು, ಓದಿದೆ. ಆ ಮನುಷ್ಯನ ಬಾಯಿಂದ ನಾನು ಇಷ್ಟು ವರ್ಷದಲ್ಲಿ ಒಂದು ಒಳ್ಳೆ ಮಾತು ಕೇಳಿದವಳಲ್ಲ. ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಾರೆ. ಇದು ಬೇರೆಯವರ ಕೈ ಅಂತ ಆಗಲೇ ಅಂದುಕೊಂಡೆ.

ನನಗೊಂದು ಪುಸ್ತಕ ಬರೆಸಬೇಕು. ನನ್ನದಲ್ಲ, ನನ್ನ ಮಗಂದು. ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ಕು. ಎಷ್ಟಾಗುತ್ತೆ ತಿಳಿಸಿ. ಫೋನು ಬೇಡ, ಒಗೆಯುವ ಮೆಷಿನ್ ಪಕ್ಕ ನಿಂತು ನಿಂತು ನನ್ನ ಕಿವಿ ಮಂದವಾಗಿದೆ. ಮಾತಾಡಿದ ಹಾಗೇ ಬರೆಯೋದು ನನಗೆ ಗೊತ್ತು. ತಪ್ಪಿದ್ದರೆ ನೀವು ಅದರಲ್ಲೇ ಹೊಟ್ಟೆ ಹೊರೆಯೋರು, ತಿದ್ದಿಕೊಳ್ಳಿ.

ಇಂತಿ, ಲಾಂಡ್ರಿಯವಳು

ಫೆಬ್ರವರಿ 9

ಲಾಂಡ್ರಿ ಅಮ್ಮನವರಿಗೆ ನಮಸ್ಕಾರ.

ಯಾರಿಗೂ ಹೇಳುವುದಿಲ್ಲ ಎಂಬುದಕ್ಕೂ ನನ್ನ ದರದಲ್ಲಿ ಒಂದು ಪಾಲಿದೆ. ಆ ಪಾಲನ್ನು ನನಗೆ ಕೊಟ್ಟು, ಡಾಕ್ಟರು ತಾವೇ ಸಾರಿಕೊಂಡು ಬರುತ್ತಿದ್ದರೆ ನಾನೇನು ಮಾಡಲಿ. ಇರಲಿ, ನನಗೊಂದು ಗಿರಾಕಿ ಸಿಕ್ಕಿತು.

ದರದ ಚೀಟಿ ಜೊತೆಗಿಟ್ಟಿದ್ದೇನೆ. ಇಡೀ ಪುಸ್ತಕಕ್ಕೆ ಇಷ್ಟು ಅಂತ ಮಾತಾಡಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಒಬ್ಬ ಕಂಟ್ರಾಕ್ಟರು ತಮ್ಮ ಬಾಲ್ಯವನ್ನೇ ನಾಲ್ಕು ಸಲ ಬದಲಾಯಿಸಿದರು. ಅಂದಿನಿಂದ ಒಂದು ಅಧ್ಯಾಯಕ್ಕೆ ಇಷ್ಟು, ಅದೂ ಮುಂಗಡ. ಎಷ್ಟು ಅಧ್ಯಾಯ ಎನ್ನುವುದು ಬರೆಸುವವರ ಇಷ್ಟ. ಪುಸ್ತಕದಲ್ಲಿ "ನಾನು" ಅಂದರೆ ನಿಮ್ಮ ಮಗ. ನನ್ನ ಹೆಸರು ಎಲ್ಲೂ ಇರುವುದಿಲ್ಲ. ಮುಖಪುಟದಲ್ಲಿ ಯಾರ ಹೆಸರೋ ಅವರು ಕರಾರಿಗೆ ಸಹಿ ಹಾಕಬೇಕು, ಇದೊಂದು ತಪ್ಪುವ ಹಾಗಿಲ್ಲ.

ನನಗೆ ದೊಡ್ಡ ಸಂಗತಿಗಳು ಬೇಡ. ಹುಟ್ಟಿದ ವರ್ಷ, ಪಾಸಾದ ಕ್ಲಾಸು ಯಾರಾದರೂ ಹೇಳುತ್ತಾರೆ. ಹಸಿವಾದಾಗ ಏನನ್ನುತ್ತಾನೆ, ಸಿಟ್ಟು ಬಂದರೆ ಬಾಗಿಲು ಹಾಕುತ್ತಾನೋ ತೆಗೆದಿಟ್ಟು ಹೋಗುತ್ತಾನೋ, ಅಂಥದ್ದು ಬರೆಸಿ ಕಳಿಸಿ.

ಇಂತಿ, ಬರೆಯುವವಳು

ಫೆಬ್ರವರಿ 20

ಬರೆಯೋ ಮೇಡಮ್ಮಿಗೆ,

ಚೀಟಿ ನೋಡಿ ಲೆಕ್ಕ ಹಾಕಿದೆ. ನಿಮ್ಮ ಒಂದು ಅಧ್ಯಾಯಕ್ಕೆ ನಾನು ನಾನೂರು ಶರ್ಟು ಇಸ್ತ್ರಿ ಮಾಡಬೇಕು. ಸ್ವಲ್ಪ ಬಿಟ್ಟು ಹೇಳಿ. ಬಿಡದಿದ್ದರೂ ಬರೆಸ್ತೀನಿ. ಇದು ನಿಮಗೆ ಗೊತ್ತಾಗಬಾರದಿತ್ತು, ಬರೆದುಬಿಟ್ಟೆ.

ಮುಂಗಡ ಕಳಿಸಿದ್ದೀನಿ. ಅವನಿಗೆ ಬಿಡುವಿಲ್ಲ, ಏನು ಬೇಕೋ ನನ್ನನ್ನೇ ಕೇಳಿ. ದೊಡ್ಡೋನು ಅಂತ ಕರೀತೀವಿ. ಹಸಿವಾದರೆ ಮಾತೇ ಆಡಲ್ಲ, ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ತಾನೆ, ಅಷ್ಟೇ. ನಿಂತುಕೊಂಡೇ ಊಟ ಮಾಡ್ತಾನೆ. ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತಾನೆ, ತಾನು ಮಾತ್ರ ಮೆಟ್ಟಿಲು ಹತ್ತಿ ಹೋಗ್ತಾನೆ. ಯಾಕೋ ಅಂದರೆ, ಮಿಠಾಯಿ ಮಾಡೋನು ಮಿಠಾಯಿ ತಿಂತಾನೇನಮ್ಮಾ ಅಂತಾನೆ. ಸಿಟ್ಟು ಬಂದರೆ ಬಾಗಿಲು ಹಾಕಲ್ಲ, ತೆಗೆದಿಟ್ಟು ಹೋಗ್ತಾನೆ, ನಾನು ಎದ್ದು ಹೋಗಿ ಹಾಕಬೇಕು, ಅದೇ ನನಗೆ ಶಿಕ್ಷೆ. ಇನ್ನೂ ಇದೆ, ಇಪ್ಪತ್ತು ಹಾಳೆ ಬರೆದಿದ್ದೀನಿ, ಪಾರ್ಸೆಲ್ ಬರುತ್ತೆ.

ಲಾಂಡ್ರಿಯವಳು

ಮಾರ್ಚ್ 12

ಅಮ್ಮನವರಿಗೆ ನಮಸ್ಕಾರ.

ಎರಡು ಅಧ್ಯಾಯ ಕಳಿಸಿದ್ದೇನೆ. ನಿಮ್ಮ ಹಾಳೆಗಳನ್ನು ಓದುತ್ತಾ ಒಬ್ಬಳೇ ನಕ್ಕಿದ್ದೇನೆ. ಇಷ್ಟು ವಿವರ ಕೊಡುವ ಗಿರಾಕಿ ನನಗೆ ಸಿಕ್ಕಿರಲಿಲ್ಲ. ಆದರೂ ಒಂದು ಮಾತು. ಇಪ್ಪತ್ತೇಳು ವರ್ಷದ ಗಂಡಸು ತನ್ನ ಆತ್ಮಕಥೆಯನ್ನು ತಾಯಿಯ ಕೈಲಿ ಬರೆಸುತ್ತಾನೆ ಅಂದರೆ ಏನು ಹೇಳಲಿ. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಹೆಗ್ಗಣವೂ ಒಮ್ಮೊಮ್ಮೆ ಬಿಲದಿಂದ ಹೊರಗೆ ಬರಬೇಕು. ಕರಾರಿಗೆ ಸಹಿ ಹಾಕಿಸಿ, ಅವನ ಕೈಯಿಂದಲೂ ನಾಲ್ಕು ಸಾಲು ಬರೆಸಿ.

ಇಂತಿ, ಬರೆಯುವವಳು

ಮಾರ್ಚ್ 21

ಮೇಡಮ್ಮಿಗೆ,

ಓದಿದೆ. ಮತ್ತೆ ಓದಿದೆ. ಮೊದಲ ಸಲ ಎತ್ತರದ ಕಟ್ಟಡದಲ್ಲಿ ಲಿಫ್ಟಿನ ತಲೆ ಮೇಲೆ ನಿಂತು ಕೆಳಗೆ ನೋಡಿದಾಗ ಅವನಿಗೆ ತಲೆ ಸುತ್ತಿತು, ಮೇಸ್ತ್ರಿಗೆ ಗೊತ್ತಾಗಬಾರದು ಅಂತ ಶಿಳ್ಳೆ ಹೊಡೆದ ಅಂತ ಬರೆದಿದ್ದೀರಲ್ಲ. ನಿಮಗೆ ಹೇಗೆ ಗೊತ್ತು? ನನಗೇ ಹೇಳಿರಲಿಲ್ಲ ಅವನು. ಆದರೆ ಅದು ಅವನೇ, ಶಿಳ್ಳೆ ಹೊಡೆಯೋದು ಅವನೇ.

ಒಂದು ತಪ್ಪಿದೆ. ಅವನು "ತಾಯಿ" ಅನ್ನಲ್ಲ, "ಅಮ್ಮ" ಅಂತಾನೆ. ರೇಗಿದಾಗ "ಅಮ್ಮೋ" ಅಂತಾನೆ. ಅದೊಂದು ತಿದ್ದಿ.

ಬಟ್ಟೆ ಒಯ್ಯುವ ವ್ಯಾನು ಮಾರಿದೆ. ಮುಂದಿನ ಮೂರು ಅಧ್ಯಾಯದ ಮುಂಗಡ ಜೊತೆಗಿದೆ. ಸಹಿ ಆಮೇಲೆ ನೋಡೋಣ.

ಲಾಂಡ್ರಿಯವಳು

ಏಪ್ರಿಲ್ 15

ಅಮ್ಮನವರಿಗೆ,

ಮೂರು ಸಲ ಕೇಳಿದ್ದೇನೆ, ಮೂರು ಸಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟಿದ್ದೀರಿ. ಒಮ್ಮೆ ಬಿಡುವಿಲ್ಲ, ಒಮ್ಮೆ ಆಮೇಲೆ, ಹೋದ ವಾರದ ಕಾಗದಕ್ಕೆ ಉತ್ತರವೇ ಇಲ್ಲ. ನನಗೆ ಅನಿಸುವುದನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ಮಗನಿಗೆ ಈ ಪುಸ್ತಕ ಬೇಕಾಗಿಲ್ಲ. ಅವನು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲೋ ಇದ್ದಾನೆ, ನೀವು ಅವನಿಗೆ ತಿಳಿಯದಂತೆ ಅವನ ಬಾಯಲ್ಲಿ ಮಾತು ತುರುಕಿಸುತ್ತಿದ್ದೀರಿ. ನಾಳೆ ಅವನು ಬಂದು ನನ್ನ ಬಾಗಿಲು ತಟ್ಟಿದರೆ ಉತ್ತರ ಹೇಳಬೇಕಾದವಳು ನಾನು. ಸಹಿ ಬರುವವರೆಗೆ ಮುಂದಿನ ಅಧ್ಯಾಯ ಇಲ್ಲ.

ಇನ್ನೊಂದು. ಪಾರ್ಸೆಲ್ ಮೇಲೆ ವಿಳಾಸ ಬರೆಯುವ ಕೈ ನಿಮ್ಮದಲ್ಲ, ಅಕ್ಷರ ದುಂಡಗಿದೆ. ಅದು ಯಾರದು? ದೊಡ್ಡೋನು ಅಂದಮೇಲೆ ಚಿಕ್ಕವರೂ ಯಾರೋ ಇರಬೇಕಲ್ಲ.

ಇಂತಿ, ಬರೆಯುವವಳು

ಏಪ್ರಿಲ್ 22

ಮೇಡಂ,

ಸಹಿ ಸಹಿ ಅಂತ ಪ್ರಾಣ ತಿಂತೀರಿ. ಎಲ್ಲಿಂದ ತರಲಿ? ಅವನು ಸತ್ತು ಎರಡು ವರ್ಷ ಆಯಿತು. ಕೆಲಸದ ಜಾಗದಲ್ಲೇ. ಅದಕ್ಕಿಂತ ಹೆಚ್ಚು ಕೇಳಬೇಡಿ, ನನಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಪುಸ್ತಕದಲ್ಲಿ ಆ ದಿನ ಬರಲೇಬಾರದು.

ಮೊದಲೇ ಯಾಕೆ ಹೇಳಲಿಲ್ಲ ಅಂತೀರಿ. ಹೇಳಿದ್ದರೆ ನೀವು ಅವನನ್ನ ಸತ್ತವನ ಹಾಗೆ ಬರೀತಿದ್ರಿ. ಸತ್ತವರ ಬಗ್ಗೆ ಬರೆದದ್ದು ನಾನೂ ಓದಿದ್ದೀನಿ. ಎಲ್ಲರೂ ದೇವರಂಥವರು, ಒಬ್ಬರಿಗೂ ಸಿಟ್ಟು ಬರಲ್ಲ. ನೀವು ಬರೆದವನು ಅಮ್ಮನ ಮೇಲೆ ರೇಗ್ತಾನೆ, ಸುಳ್ಳು ಹೇಳಿ ಸಿನಿಮಾಕ್ಕೆ ಹೋಗ್ತಾನೆ, ಸಿಕ್ಕಿಬಿದ್ದು ಬೈಸಿಕೊಳ್ತಾನೆ. ಅವನು ನನ್ನ ಮಗ. ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಕಾಗದ ಬರುವ ದಿನ ನಾನು ಬೆಳಿಗ್ಗೆ ಏಳ್ತೀನಿ. ಬೇರೆ ದಿನ ಏಳೋಕೆ ಕಾರಣ ಸಿಗಲ್ಲ.

ವಿಳಾಸ ಬರೆಯೋದು ಚಿಕ್ಕೋಳು, ಅವನ ತಂಗಿ. ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡ್ತಾಳೆ. ಅವಳ ವಿಷಯ ಪುಸ್ತಕಕ್ಕೆ ಬೇಡ. ಅಧ್ಯಾಯಕ್ಕೆ ಇಷ್ಟು ಅಂತ ಕೊಡ್ತಿದ್ದೀನಿ, ಎಲ್ಲಾ ಪುಟ ಅವನದೇ ಇರಲಿ.

ಅವನ ಅಮ್ಮ

ಮೇ 6

ಅಕ್ಕಾ,

ಹಾಗೆ ಕರೆಯಬಹುದಲ್ಲವೇ? ಹೆಗ್ಗಣ ಅಂತ ತಮಾಷೆ ಮಾಡಿದವಳು ನಾನು. ಅದನ್ನು ನೀವು ಓದಿದಿರಿ, ಓದಿಯೂ ಒಂದು ಮಾತು ಅನ್ನದೆ "ಅಮ್ಮ ಅಂತ ತಿದ್ದಿ" ಅಂತಷ್ಟೇ ಬರೆದಿರಿ.

ಕರಾರಿನ ಮಾತು ಬಿಡಿ. ತಾಯಿಯ ಸಹಿ ಸಾಕು. ನಿಲ್ಲಿಸುವುದಿಲ್ಲ. ಅವನ ಕೊನೆಯ ಸಂಜೆಯವರೆಗೆ ಬರೆಯುತ್ತೇನೆ, ಆ ದಿನಕ್ಕೆ ಕೈ ಹಾಕುವುದಿಲ್ಲ. ಬೇಸಗೆ ಮುಗಿಯುವುದರೊಳಗೆ ಪುಸ್ತಕ ಮುಗಿಯುತ್ತದೆ. ನಿಮ್ಮ ಕೈಲಿ ಒಂದು ಪುಸ್ತಕ ಇರುತ್ತದೆ, ಅಷ್ಟಾದರೂ ಆಗಲಿ.

ಇಂತಿ, ಬರೆಯುವವಳು

ಜುಲೈ 18

ತಂಗೀ,

ಹಾಳೆಯ ತಲೆ ಮೇಲೆ "ಕೊನೆಯ ಅಧ್ಯಾಯ" ಅಂತ ಬರೆದಿದ್ದೀರಿ. ಅದನ್ನ ಹೊಡೆದು ಹಾಕಿದ್ದೀನಿ.

ಬೆಳಿಗ್ಗೆ ಬೇಗ ಏಳಬೇಕು, ದೀಪ ಆರಿಸಮ್ಮಾ ಅಂತ ಅವನು ಹೇಳ್ತಾನೆ. ನಾನು ಆರಿಸ್ತೀನಿ. ಅಷ್ಟಕ್ಕೆ ನೀವು ನಿಲ್ಲಿಸಿದಿರಿ. ಮಲಗಿದವನನ್ನ ಹಾಗೇ ಬಿಟ್ಟು ಕೈ ತೊಳೆದುಕೊಂಡಿರಿ. ಎಬ್ಬಿಸಿ ಅವನನ್ನ. ಆ ದಿನ ದಾಟಿಸಿ, ಅದರ ಮಾರನೇ ದಿನದಿಂದ ಬರೀರಿ. ಇಪ್ಪತ್ತೆಂಟನೇ ವರ್ಷ ಬರೀರಿ. ಅವನು ಏನು ಮಾಡ್ತಿದ್ದ ಅಂತ ನನಗಿಂತ ಈಗ ನಿಮಗೇ ಚೆನ್ನಾಗಿ ಗೊತ್ತು, ಶಿಳ್ಳೆ ಹೊಡೆದದ್ದು ಗೊತ್ತಿರಲಿಲ್ಲವಾ? ಎಷ್ಟು ಅಧ್ಯಾಯ ಅನ್ನೋದು ಬರೆಸುವವರ ಇಷ್ಟ ಅಂತ ನೀವೇ ಬರೆದದ್ದು, ಕಾಗದ ನನ್ನ ಹತ್ತಿರ ಇದೆ. ಒಂದಕ್ಕೆ ಎರಡರಷ್ಟು ಕೊಡ್ತೀನಿ, ಅರ್ಧ ಜೊತೆಗಿಟ್ಟಿದ್ದೀನಿ.

ಅವನ ಅಮ್ಮ

ಜುಲೈ 26

ಅಕ್ಕಾ,

ಇದಾಗದು. ನಾನು ನಡೆದದ್ದನ್ನು ಬರೆಯುವವಳು. ಉಪ್ಪು ಖಾರ ಸೇರಿಸುತ್ತೇನೆ, ಇಲ್ಲವೆನ್ನುವುದಿಲ್ಲ, ಆದರೆ ಪಾತ್ರೆಯಲ್ಲಿ ಏನಾದರೂ ಇರಬೇಕು. ಬರೀ ಪಾತ್ರೆ ಒಲೆಯ ಮೇಲಿಟ್ಟರೆ ತಳ ಹತ್ತುತ್ತದೆ. ಶಿಳ್ಳೆಯನ್ನು ನೀವೇ ನಿಮ್ಮ ಹಾಳೆಯಲ್ಲಿ ಬರೆದಿದ್ದಿರಿ, ಅವನು ಸ್ನಾನಕ್ಕೆ ಹೋದರೆ ಶಿಳ್ಳೆ ಹೊಡೆಯುತ್ತಾನೆ ಅಂತ. ತಲೆ ಸುತ್ತಿದ್ದು ನಾನು ಸೇರಿಸಿದ್ದು. ಅದರಲ್ಲಿ ಮಾಯೆಯೇನೂ ಇಲ್ಲ.

ನಿಮ್ಮ ದುಡ್ಡು ವಾಪಸ್ ಕಳಿಸುತ್ತಿದ್ದೇನೆ. ಪುಸ್ತಕ ಮುದ್ರಣಕ್ಕೆ ಕೊಡಿ.

ಇಂತಿ, ಬರೆಯುವವಳು

ಆಗಸ್ಟ್ 4

ಅಕ್ಕಾ,

ಹೋದ ವಾರ ದುಡ್ಡು ವಾಪಸ್ ಕಳಿಸುತ್ತೇನೆ ಅಂದಿದ್ದೆ, ಕಳಿಸಿಲ್ಲ. ಯೋಚಿಸಿ ನೋಡಿದೆ. ಮುಳುಗುವವರಿಗೆ ಹುಲ್ಲುಕಡ್ಡಿಯಾದರೂ ಆಸರೆ, ಅದನ್ನು ಕಿತ್ತುಕೊಳ್ಳಲು ನಾನು ಯಾರು. ಒಂದೇ ಒಂದು ಅಧ್ಯಾಯ ಬರೆಯುತ್ತೇನೆ, ಇಪ್ಪತ್ತೆಂಟನೇ ವರ್ಷದ್ದು. ನೀವು ಹೇಳಿದ ದರವೇ ಇರಲಿ. ಬಾಡಿಗೆಯ ತಾರೀಖು ಹತ್ತಿರ ಬಂದಿದೆ, ಉಳಿದರ್ಧ ಬೇಗ ಕಳಿಸಿದರೆ ಅನುಕೂಲ.

ಇಂತಿ, ಬರೆಯುವವಳು

ಸೆಪ್ಟೆಂಬರ್ 2

ತಂಗೀ,

ನಿನ್ನ ಕೈಗೆ ಬಂಗಾರದ ಬಳೆ ತೊಡಿಸಬೇಕು. "ನೀನು" ಅಂದೆ, ಬೇಜಾರು ಮಾಡಿಕೊಳ್ಳಬೇಡ.

ಅವನಿಗೆ ಮೇಸ್ತ್ರಿ ಕೆಲಸ ಸಿಕ್ಕಿತು. ಕೈ ಕೆಳಗೆ ನಾಲ್ಕು ಜನ. ಮೊದಲ ದಿನ ಅವರನ್ನ ಬೈಯೋಕೆ ಬಾಯಿ ಬರದೆ ತಾನೇ ಎಲ್ಲ ಕೆಲಸ ಮಾಡಿ ಮನೆಗೆ ಬಂದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತ. ಹೊಟ್ಟೆ ತುಂಬ ನಕ್ಕೆ. ನಕ್ಕು ಎಷ್ಟು ಕಾಲ ಆಗಿತ್ತು ಗೊತ್ತಾ? ಚಿಕ್ಕೋಳು ಓಡಿ ಬಂದಳು, ಏನಾಯಿತಮ್ಮಾ ಅಂತ. ಅಣ್ಣನಿಗೆ ಬಡ್ತಿ ಆಯಿತು ಕಣೇ ಅಂದೆ. ಅವಳು ಬಂದ ಕಾಲಲ್ಲೇ ಕೆಳಗೆ ಅಂಗಡಿಗೆ ಹೋದಳು. ಈಚೆಗೆ ಅವಳಿಗೆ ಬರೀ ಸಿಡಿಮಿಡಿ. ಹಬೆ ಇಸ್ತ್ರಿ ಮೆಷಿನ್ ಮಾರಿದ್ದಕ್ಕೆ ಇರಬೇಕು. ಕೈ ಇಸ್ತ್ರಿ ಹಿಡಿದು ನಿಲ್ತಾಳೆ ಇಡೀ ದಿನ, ಬಟ್ಟೆ ತಡ ಆಗುತ್ತೆ, ಗಿರಾಕಿ ಬೈತಾರೆ. ಬೈಯಲಿ. ಊರವರ ಶರ್ಟು ಎರಡು ದಿನ ಕಾದರೆ ಏನು ಗಂಟು ಹೋಗುತ್ತೆ.

ಇನ್ನು ಇಪ್ಪತ್ತೊಂಬತ್ತು. ಅವನಿಗೆ ಮದುವೆ ಮಾಡೋಣ. ಹುಡುಗಿ ತೀರಾ ಮೆತ್ತಗೆ ಬೇಡ, ಅವನು ಬಾಗಿಲು ತೆಗೆದಿಟ್ಟು ಹೋದರೆ ಹೋಗಿ ಕರೆದು ಹಾಕಿಸುವವಳಿರಲಿ. ಬಟ್ಟೆ ಎಲ್ಲಾ ನಮ್ಮ ಅಂಗಡಿಯದೇ ಇಸ್ತ್ರಿ. ನನ್ನನ್ನ ಮುಂದಿನ ಸಾಲಲ್ಲಿ ಕೂರಿಸು.

ನಿನ್ನ ಅಕ್ಕ

ಸೆಪ್ಟೆಂಬರ್ 30

ಅಕ್ಕಾ,

ಒಂದೇ ಅಂದವಳು ಎರಡನೆಯದನ್ನೂ ಬರೆದಿದ್ದೇನೆ. ಮದುವೆಯ ಅಧ್ಯಾಯ ಇದರ ಜೊತೆಗಿದೆ. ಹುಡುಗಿ ರೈಲ್ವೆ ಟಿಕೆಟ್ ಕೌಂಟರಿನವಳು, ಬಾಯಿ ಜೋರು. ಬರೆಯುವಾಗ ನನಗೆ ಖುಷಿಯಾಯಿತು. ಅದೇ ನನಗೆ ಭಯ. ಯಾರದೋ ಮನೆಯ ಮಗನನ್ನು ಹಸೆಗೇರಿಸಿ ನಾನಿಲ್ಲಿ ಕೋಣೆಯಲ್ಲಿ ಒಬ್ಬಳೇ ಸಂಭ್ರಮ ಪಡುತ್ತಿದ್ದೇನೆ.

ಚಿಕ್ಕೋಳು ಹೇಗಿದ್ದಾಳೆ? ಮದುವೆಯಲ್ಲಿ ಅವಳನ್ನು ಎಲ್ಲಿ ನಿಲ್ಲಿಸಲಿ ಅಂತ ಬಹಳ ಹೊತ್ತು ಕೂತಿದ್ದೆ. ನೀವು ಬೇಡ ಅಂದಿದ್ದಿರಿ, ಬಿಟ್ಟೆ. ಅಕ್ಕಾ, ಮೆಷಿನ್ ಮಾರಿದಿರಿ ಅಂದಿರಲ್ಲ, ಇನ್ನು ಸಾಕು ಅನ್ನಿ. ನೀವು ಸಾಕು ಅಂದರೆ ನಾನು ನಿಲ್ಲಿಸುತ್ತೇನೆ. ನಾನಾಗಿ ನಿಲ್ಲಿಸಲು ನನ್ನ ಕೈಲಿ ಆಗುತ್ತಿಲ್ಲ.

ಇಂತಿ, ಬರೆಯುವವಳು

ಅಕ್ಟೋಬರ್ 11

ತಂಗೀ,

ಚಿಕ್ಕೋಳು ಮನೆ ಬಿಟ್ಟು ಹೋದಳು.

ಮದುವೆ ಅಧ್ಯಾಯ ನಾನೇ ಅವಳಿಗೆ ಕೊಟ್ಟೆ, ಓದು, ಎಷ್ಟು ಚೆನ್ನಾಗಿದೆ ಅಂತ. ನಿಂತುಕೊಂಡೇ ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಪುಟ ತಿರುಗಿಸಿದಳು, ಏನೋ ಹುಡುಕುವ ಹಾಗೆ. ಆಮೇಲೆ ಕೇಳಿದಳು.

"ಅಣ್ಣನ ಮದುವೆಯಲ್ಲಿ ನಾನೆಲ್ಲಿದ್ದೆ ಅಮ್ಮಾ?"

"ಅಯ್ಯೋ, ಅದು ಪುಸ್ತಕ ಕಣೇ" ಅಂದೆ.

"ಪುಸ್ತಕ ಅಂತ ಗೊತ್ತಾ ನಿಂಗೆ? ಗೊತ್ತಿದ್ದರೆ ಹೇಳು, ಈಗಲೇ ಹೇಳು. ಅಣ್ಣ ಎಲ್ಲಿದ್ದಾನೆ?"

ನಾನು ಹಾಳೆ ಕಡೆ ಕೈ ಚಾಚಿದೆ. "ಸತ್ತವನಿಗೆ ಮದುವೆ ಮಾಡಿದೆ. ಬದುಕಿರೋಳು ಊಟ ಮಾಡಿದಳಾ ಅಂತ ನೀನು ಕೇಳಿ ಎಷ್ಟು ದಿನ ಆಯ್ತು?" ಅಂದಳು. ಕಿರುಚಲಿಲ್ಲ. ಕಿರುಚಿದ್ದರೆ ವಾಸಿ ಇತ್ತು. ಇಸ್ತ್ರಿ ಆರಿಸಿಟ್ಟು, ಗಿರಾಕಿ ಬಟ್ಟೆಗೆಲ್ಲ ಚೀಟಿ ಹಚ್ಚಿಟ್ಟು, ಒಂದು ಚೀಲ ತಗೊಂಡು ಹೋದಳು. ಎಲ್ಲಿಗೆ ಅಂತ ಹೇಳಲಿಲ್ಲ. ಅಧ್ಯಾಯಗಳೂ ಕಾಣಿಸ್ತಿಲ್ಲ.

ತಂಗೀ, ಮುಂದಿನ ಅಧ್ಯಾಯಕ್ಕೆ ಎಷ್ಟು? ಅದರಲ್ಲಿ ಅವಳನ್ನೂ ಸೇರಿಸು. ತಪ್ಪು ನಂದೇ, ಬೇಡ ಅಂದಿದ್ದೆ. ಈಗ ಸೇರಿಸು. ಬಾಗಿಲು ತೆಗೆದು ಒಳಗೆ ಬಂದ ಹಾಗೆ ಬರಿ. ಸಿಟ್ಟು ಇಳಿದ ಹಾಗೆ ಬರಿ. ಅಂಗಡಿ ಕೊಳ್ಳೋಕೆ ಒಬ್ಬ ಬರ್ತೀನಿ ಅಂದಿದ್ದಾನೆ, ಕಟ್ಟಡ ಸಮೇತ ಕೊಡ್ತೀನಿ. ನೀನು ಎಷ್ಟು ಕೇಳಿದರೆ ಅಷ್ಟು. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಮನೆಗೆ ಕರಕೊಂಡು ಬಾ. ಬೇಗ ಕಳಿಸು ತಾಯಿ, ಈ ಮನೆಯಲ್ಲಿ ಒಬ್ಬಳೇ ಕೂರೋಕೆ ಆಗ್ತಿಲ್ಲ.

ನಿನ್ನ ಅಕ್ಕ

ಅಕ್ಟೋಬರ್ 17

ಅಕ್ಕಾ,

ಬರೆಯುವುದಿಲ್ಲ.

ನಿಮ್ಮ ಮಗಳು ನನ್ನ ಕೋಣೆಯಲ್ಲಿದ್ದಾಳೆ. ಗಾಬರಿಯಾಗಬೇಡಿ, ಕ್ಷೇಮವಾಗಿದ್ದಾಳೆ. ಪಾರ್ಸೆಲ್ ಮೇಲೆ ನನ್ನ ವಿಳಾಸ ಬರೆದು ಬರೆದು ಅವಳಿಗೆ ಬಾಯಿಪಾಠ ಆಗಿತ್ತು. ಎಲ್ಲಾ ಅಧ್ಯಾಯಗಳನ್ನೂ ಲಾಂಡ್ರಿ ಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ಜಗಳಕ್ಕೆ ಬಂದಳು. ಬಂದವಳಿಗೆ ಕೂರಲು ಜಾಗವಿರಲಿಲ್ಲ, ಕುರ್ಚಿ ತುಂಬ ನನ್ನ ಬಟ್ಟೆ. ಅದನ್ನೆಲ್ಲ ಒಂದೊಂದಾಗಿ ಮಡಚಿಟ್ಟು, ಕೂತು, ಆಮೇಲೆ ಬೈಯಲು ಶುರು ಮಾಡಿದಳು. ಬೈದದ್ದೆಲ್ಲ ಸರಿಯಾಗಿತ್ತು, ನಾನು ಎದುರಾಡಲಿಲ್ಲ.

ಅಣ್ಣನಿಗೆ ಯಾವತ್ತೂ ತಲೆ ಸುತ್ತಿದ್ದಿಲ್ಲವಂತೆ. ಇಬ್ಬರೂ ಅಂಗಡಿಯ ತಾರಸಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರಂತೆ, ನಿಮಗೆ ಹೇಳಬಾರದು ಅಂತ ಆಣೆ ಹಾಕಿಕೊಂಡು. ನನ್ನ ಹತ್ತಿರ ಇರುವುದು ನಿಮ್ಮ ಮಗನ ಅರ್ಧ. ಇನ್ನರ್ಧ ಅವಳ ಹತ್ತಿರ ಇದೆ. ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಕಾ, ಆ ದಿನದ ಮಾತು ಬೇಡ ಅಂದಿದ್ದಿರಿ. ಒಂದೇ ಸಲ ಆಡುತ್ತೇನೆ, ಕ್ಷಮಿಸಿ. ಆ ದಿನ ಫೋನು ಎತ್ತಿದವಳು ಅವಳು. ಅಲ್ಲಿಗೆ ಹೋದವಳು ಅವಳು, ಒಬ್ಬಳೇ. ಇವನು ನನ್ನಣ್ಣ ಅಂತ ಗುರುತು ಹೇಳಿದವಳು ಅವಳು. ಅವನು ಉಟ್ಟಿದ್ದ ಬಟ್ಟೆಯನ್ನು ಗಂಟು ಕಟ್ಟಿ ಅವಳ ಕೈಗೆ ಕೊಟ್ಟರಂತೆ. ನೀವು ಅದನ್ನು ನೋಡಬಾರದು ಅಂತ ಅಂಗಡಿಯ ಬಾಗಿಲು ಹಾಕಿಕೊಂಡು ಅವಳೇ ಒಗೆದಳಂತೆ. ಮೆಷಿನ್ನಿಗೆ ಹಾಕಿದರೆ ಮೇಲೆ ಮಲಗಿದ್ದ ನಿಮಗೆ ಅದುರುವುದು ತಿಳಿಯುತ್ತದೆ ಅಂತ ಕೈಯಲ್ಲೇ ಒಗೆದಳಂತೆ. ಕಲೆ ಹೋಗಲಿಲ್ಲವಂತೆ. ಇದನ್ನು ಹೇಳುವಾಗ ಅವಳು ಅಳಲಿಲ್ಲ. "ಯಾವ ಪುಡಿ ಹಾಕಬೇಕು ಅಂತ ಅಮ್ಮನಿಗೆ ಗೊತ್ತಿತ್ತು, ಕೇಳೋ ಹಾಗಿರಲಿಲ್ಲ" ಅಂದಳು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ನನ್ನ ಅಣ್ಣನ ಮನೆಯ ಉಗ್ರಾಣದಲ್ಲಿ, ಅತ್ತಿಗೆಯ ಡಬ್ಬಗಳ ನಡುವೆ ಮಲಗುತ್ತಿದ್ದವಳು. ಈ ಕೋಣೆ ಹಿಡಿದದ್ದು ನಿಮ್ಮ ಮಗನ ಅಧ್ಯಾಯಗಳ ದುಡ್ಡಿನಲ್ಲಿ. ಅವನು ಬದುಕಿರದ ವರ್ಷಗಳನ್ನು ಬರೆದದ್ದು ನಿಮ್ಮ ಆಸರೆಗೆ ಅಲ್ಲ, ಉಗ್ರಾಣಕ್ಕೆ ವಾಪಸ್ ಹೋಗಬಾರದು ಅಂತ. ಉಪ್ಪು ತಿಂದಮೇಲೆ ನೀರು ಕುಡಿಯಬೇಕು, ಕುಡಿಯುತ್ತೇನೆ. ಉಳಿದ ದುಡ್ಡು ನಿಮ್ಮ ಮಗಳ ಕೈಯಲ್ಲಿ ಕೊಟ್ಟಿದ್ದೇನೆ. ತಿಂಗಳ ಕೊನೆಗೆ ಕೋಣೆ ಬಿಡುತ್ತೇನೆ.

ಅವಳು ಇಲ್ಲೇ ಯಾವುದೋ ಲಾಂಡ್ರಿಯಲ್ಲಿ ಕೆಲಸ ಕೇಳಿಕೊಂಡು ಬಂದಿದ್ದಾಳೆ. ಬರುವ ವಾರದಿಂದ ಬೇರೆ ಕಡೆ ಇರುತ್ತಾಳಂತೆ, ಎಲ್ಲಿ ಅಂತ ನನಗೂ ಹೇಳುವುದಿಲ್ಲವಂತೆ. ಅಂಗಡಿ ಮಾರಬೇಡಿ. ಅವಳು ಹೇಳಿದ್ದನ್ನೆಲ್ಲ ಬರೆದು ಕಳಿಸು ಅಂತ ಮಾತ್ರ ನನ್ನನ್ನು ಕೇಳಬೇಡಿ.

ನಿಮ್ಮ ತಂಗಿ

ಅಕ್ಟೋಬರ್ 20

ತಂಗೀ,

ನಿನ್ನ ಕಾಗದ ಈಗ ಬಂತು. ಅಂಗಡಿ ಕೊಳ್ಳೋನು ಎದುರಿಗೇ ಕೂತಿದ್ದ, ಎದ್ದು ಹೋಗಯ್ಯಾ ಅಂದೆ.

ಊರವರ ಕಲೆ ತೆಗೆದು ಬದುಕಿದವಳು ನಾನು. ಯಾರ ಬಟ್ಟೆಯಲ್ಲಿ ಏನು ಚೆಲ್ಲಿದೆ ಅಂತ ನೋಡಿದ ಕೂಡಲೇ ಹೇಳ್ತೀನಿ. ನನ್ನ ಮಗಳು ಕೆಳಗೆ ಒಬ್ಬಳೇ ಅದನ್ನ ತಿಕ್ಕುತ್ತಾ ನಿಂತಿದ್ದಳು, ನಾನು ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದೆ. ಬಟ್ಟೆ ಏನಾಯಿತು ಅಂತ ಯಾವತ್ತೂ ಕೇಳಲಿಲ್ಲ. ಅವಳ ಕೈ ನೋಡಲಿಲ್ಲ. ಕೇಳಿದರೆ ಅವಳು ಹೇಳಿಬಿಡ್ತಾಳೆ, ಹೇಳಿದರೆ ಅವನು ಸತ್ತದ್ದು ನಿಜ ಆಗುತ್ತೆ ಅಂತ ಹೆದರಿದ್ದೆ. ಅಷ್ಟೇ ತಂಗೀ, ಬೇರೇನೂ ಇಲ್ಲ. ಅದಕ್ಕೇ ಅವಳ ಮುಖ ನೋಡದೆ ಇದ್ದುಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ ಅವಳಿಗೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ. ಅವನ ಬಗ್ಗೆ ರೀಮುಗಟ್ಟಲೆ ಬರೆದು ಕಳಿಸಿದವಳು ನಾನು. ಇವಳು ಹಸಿವಾದರೆ ಏನಂತಾಳೆ, ಸಿಟ್ಟು ಬಂದರೆ ಏನು ಮಾಡ್ತಾಳೆ ಅಂತ ಯೋಚಿಸಿದರೆ ಏನೂ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೋಳು. ನನ್ನ ಮಗಳನ್ನೇ ನನಗೆ ಬರೆಯೋಕೆ ಬರಲಿಲ್ಲ. ಹಾಳೆ ಖಾಲಿ ಇದೆ, ನಿನಗೆ ಇದನ್ನ ಬರೀತಿದ್ದೀನಿ.

ಕೊರಿಯರ್ ಇವತ್ತೇ ಹೊರಡುತ್ತೆ, ನಾಳೆ ನಿನ್ನ ಕೈಗೆ ಸಿಗುತ್ತೆ. ನನಗೆ ಬಸ್ಸು ಸಿಗೋದು ನಾಡಿದ್ದು. ಅಲ್ಲಿಯವರೆಗೆ ಅವಳನ್ನ ಹೇಗಾದರೂ ಇರಿಸಿಕೋ. ಅಮ್ಮ ಬರ್ತಾಳೆ ಅಂತ ಹೇಳಬೇಡ, ಹೇಳಿದರೆ ಎದ್ದು ಹೋಗ್ತಾಳೆ. ಬೇಡ, ಹೇಳು, ಸುಳ್ಳು ಇನ್ನು ಸಾಕು. ಕರಕೊಂಡು ಹೋಗೋಕೆ ಬರ್ತಿಲ್ಲ ಅಂತ ಹೇಳು. ಮನೆಗೆ ಬಾ ಅಂತ ಒಂದು ಮಾತೂ ಅನ್ನಲ್ಲ. ಆ ದಿನ ಅವಳು ಏನು ನೋಡಿದಳೋ ಅದನ್ನ ಮೊದಲಿನಿಂದ ಕೊನೆಯವರೆಗೆ ನನಗೆ ಹೇಳಲಿ, ಒಂದನ್ನೂ ಬಿಡದೆ ಹೇಳಲಿ. ಇಷ್ಟು ದಿನ ಒಬ್ಬಳೇ ಹೊತ್ತಿದ್ದಾಳೆ. ಅಷ್ಟು ಕೇಳಿಸಿಕೊಂಡ ಮೇಲೆ ಅವಳು ಎಲ್ಲಿಗೆ ಬೇಕಾದರೂ ಹೋಗಲಿ. ಅದಕ್ಕೆ ಮುಂಚೆ ಬಿಡಬೇಡ ತಂಗೀ, ಬಾಗಿಲಿಗೆ ಅಡ್ಡ ಕೂತಾದರೂ ಸರಿ, ಅವಳನ್ನ ಹೋಗೋಕೆ ಬಿಡಬೇಡ.

ಇಬ್ಬರು ಮಕ್ಕಳ ಅಮ್ಮ